ಮಿಲಿಟರಿ ಲಾರಿಗೆ ನೀರು ಹೊರುವ ಕೆಲಸ

ಅಮೆರಿಕದಲ್ಲಿ ಬೆಂಕಿ ಆರಿಸಲು ಹೋಗುವವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಜನ ಸ್ವಯಂಸೇವಕರು. ನ್ಯೂಯಾರ್ಕಿನ ಕೆಂಪು ಗಾಡಿಗಳನ್ನು ಸಿನಿಮಾದಲ್ಲಿ ಕಂಡ ನಮಗೆ ಇದು ಸುಲಭಕ್ಕೆ ನಂಬಿಕೆಯಾಗುವ ಮಾತಲ್ಲ. ಹಳ್ಳಿಗಾಡಿನಲ್ಲಿ ಹುಲ್ಲುಗಾವಲಿಗೆ ಕಿಡಿ ಬಿತ್ತೆಂದರೆ ಓಡಿಬರುವವರು ಅಲ್ಲಿನ ರೈತರು, ಮೇಷ್ಟ್ರುಗಳು, ಅಂಗಡಿಯವರು. ಹೊಸ ಅಗ್ನಿಶಾಮಕ ವಾಹನಕ್ಕೆ ಲಕ್ಷಗಟ್ಟಲೆ ಡಾಲರ್ ಬೇಕು. ಇವರ ದಳಗಳು ಹಣ ಕೂಡಿಸುವುದೋ ಬೆಳಗಿನ ತಿಂಡಿಯ ಕೂಪನ್ ಮಾರಿ. ಈ ಲೆಕ್ಕ ಹೊಂದದ ಕಡೆಯೇ ಸೇನೆ ಬಿಟ್ಟುಕೊಟ್ಟ ಲಾರಿಗಳಿಗೆ ಎರಡನೆಯ ಉದ್ಯೋಗ ಸಿಕ್ಕಿರುವುದು.

ಇದಕ್ಕೆ ದಾರಿಗಳು ಎರಡು. ಒಂದು, ಕೇಂದ್ರದ ಅರಣ್ಯ ಸೇವೆ ನಡೆಸುವ ‘ಫೆಡರಲ್ ಎಕ್ಸೆಸ್ ಪರ್ಸನಲ್ ಪ್ರಾಪರ್ಟಿ’ ಯೋಜನೆ. ಇದರಲ್ಲಿ ಲಾರಿ ಕಡವಾಗಿ ಬರುತ್ತದೆ. ಒಡೆತನ ಅರಣ್ಯ ಸೇವೆಯದೇ. ಇನ್ನೊಂದು ‘ಫೈರ್‌ಫೈಟರ್ ಪ್ರಾಪರ್ಟಿ’. ಇದರಲ್ಲಿ ಲಾರಿಯನ್ನು ರಿಪೇರಿ ಮಾಡಿ ಕೆಲಸಕ್ಕೆ ಇಳಿಸಿದ ಮೇಲೆ ಒಡೆತನ ದಳಕ್ಕೇ ಸಿಗುತ್ತದೆ. ಸೇನೆಯ ಬಣ್ಣ ಮಾತ್ರ ಉಳಿಯಕೂಡದು.

ಹೀಗೆ ಬಂದ ಲಾರಿಗಳಲ್ಲಿ ಹೆಸರುವಾಸಿ ಎಂ35. 1950ರ ಸುಮಾರಿಗೆ ರಿಯೋ ಕಂಪನಿ ರೂಪಿಸಿದ ಆರು ಚಕ್ರ ಎಳೆತದ ಗಾಡಿ ಇದು. ರಸ್ತೆಯಿಲ್ಲದ ನೆಲದಲ್ಲಿ ಎರಡೂವರೆ ಟನ್ ಹೊರಬಲ್ಲದೆಂದು ಇದಕ್ಕೆ ‘ಡ್ಯೂಸ್ ಅಂಡ್ ಎ ಹಾಫ್’ ಎಂಬ ಅಡ್ಡಹೆಸರು. ಇದರ ಎ2 ಮಾದರಿಯಲ್ಲಿರುವುದು 7.8 ಲೀಟರಿನ ಆರು ಸಿಲಿಂಡರ್ ಎಂಜಿನ್. ಡೀಸೆಲ್, ಸೀಮೆಎಣ್ಣೆ, ವಿಮಾನದ ಇಂಧನ, ಯಾವುದು ಸಿಕ್ಕರೂ ಕುಡಿದುಕೊಂಡು ಓಡುತ್ತದೆ. ಹೀಗೆ ಬಗೆಬಗೆಯ ಇಂಧನ ಉರಿಸುವ ವಿಧಾನ ಜರ್ಮನಿಯ ಎಂಎಎನ್ ಕಂಪನಿಯದು. ನಮ್ಮ ಜಬಲ್ಪುರದಲ್ಲಿ ಶಕ್ತಿಮಾನ್ ಲಾರಿ ತಯಾರಾಗುತ್ತಿದ್ದುದೂ ಅದೇ ಕಂಪನಿಯ ಪರವಾನಗಿಯಲ್ಲಿ.

ಎಂ35ಕ್ಕೆ ಕೀಲಿಕೈ ಇಲ್ಲ. ಸ್ವಿಚ್ ತಿರುಗಿಸಿ, ಗುಂಡಿ ಒತ್ತಿದರೆ ಎಂಜಿನ್ ಶುರು; ನಿಲ್ಲಿಸಲು ಇಂಧನ ತಡೆಯುವ ಹಿಡಿ ಎಳೆಯಬೇಕು. ಕಳ್ಳರ ಭಯಕ್ಕೆ ಸ್ಟೀರಿಂಗಿಗೆ ಸರಪಳಿ ಹಾಕಿ ಬೀಗ ಜಡಿಯುತ್ತಾರೆ. ಹೊಸದಾಗಿ ಸೇನೆಗೆ ಸೇರಿದ ಹುಡುಗನೂ ಪುಸ್ತಕ ನೋಡಿಕೊಂಡು ಬಿಚ್ಚಿ ಜೋಡಿಸುವಂತಿರಬೇಕು ಎಂಬ ಲೆಕ್ಕದಲ್ಲಿ ಮಾಡಿದ್ದು. ಆ ಪುಸ್ತಕಗಳಲ್ಲೂ ಚಾಲಕನಿಗೊಂದು, ತುಕಡಿಯ ಮೆಕ್ಯಾನಿಕ್‌ಗೊಂದು, ದೊಡ್ಡ ವರ್ಕ್‌ಶಾಪಿಗೊಂದು ಎಂಬ ಶ್ರೇಣಿಯಿದೆ. ಸಾಲದೆಂಬಂತೆ 1951ರಿಂದ ಸೇನೆ ‘ಪಿಎಸ್’ ಎಂಬ ಮಾಸಿಕವನ್ನೂ ತಂದಿತು. ಗ್ರೀಸ್ ಹಾಕುವುದು, ಫಿಲ್ಟರ್ ಬದಲಿಸುವುದು ಎಲ್ಲವೂ ಅದರಲ್ಲಿ ಕಾಮಿಕ್ಸ್. ಎರಡು ದಶಕ ಅದರ ಚಿತ್ರಗಳ ಹೊಣೆ ಹೊತ್ತವನು ‘ದಿ ಸ್ಪಿರಿಟ್’ ಕಾಮಿಕ್ಸ್ ಖ್ಯಾತಿಯ ವಿಲ್ ಐಸ್ನರ್. ಸರ್ಕಾರಿ ಕೈಪಿಡಿ ಬರೆಯುವವರು ಇದನ್ನೊಮ್ಮೆ ತಿರುವಿ ಹಾಕಿದರೆ ನಷ್ಟವಿಲ್ಲ.

ಲಾರಿ ಅಂಗಳಕ್ಕೆ ಬಂದೊಡನೆ ಎಲ್ಲರಿಗೂ ಎಂಜಿನ್ ಮೇಲೆ ಕಣ್ಣು. ಕಸುಬು ಬಲ್ಲವರು ಮೊದಲು ಕೆಳಗೆ ನುಸುಳುತ್ತಾರೆ, ಬ್ರೇಕ್ ನೋಡಲು. ಎ2 ಮಾದರಿಯ ಬ್ರೇಕಿಗೆ ಗಾಳಿಯ ಒತ್ತಾಸೆ ಇದೆ, ಆದರೆ ಆಯಿಲ್ ಹೋಗುವ ಜಾಲ ಒಂದೇ. ಆರರಲ್ಲಿ ಒಂದು ವ್ಹೀಲ್ ಸಿಲಿಂಡರ್ ಸೋರಿದರೂ, ಒಂದು ಹೋಸ್ ಒಡೆದರೂ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. ಬಾಕಿ ಉಳಿಯುವುದು ಡ್ರೈವ್ ಶಾಫ್ಟಿನ ಮೇಲಿನ ಹ್ಯಾಂಡ್‌ಬ್ರೇಕ್. ಮೈದಾನದಲ್ಲಿ ವರ್ಷಗಟ್ಟಲೆ ಸುಮ್ಮನೆ ನಿಂತ ಲಾರಿಯ ರಬ್ಬರ್ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಡ್ರಮ್ಮುಗಳನ್ನು ಒಂದೊಂದಾಗಿ ಇಳಿಸಿ, ಸಿಲಿಂಡರ್, ಹೋಸ್ ಬದಲಿಸುತ್ತಾರೆ. ಮಾಸ್ಟರ್ ಸಿಲಿಂಡರನ್ನು ಜೋಡಿ ಜಾಲದ್ದಕ್ಕೆ ಬದಲಾಯಿಸುವವರೂ ಇದ್ದಾರೆ. ಒಂದು ಜಾಲ ಕೈಕೊಟ್ಟರೆ ಇನ್ನೊಂದು ಹಿಡಿಯಬೇಕು. ಈ ಲಾರಿಗೆ ಮಾಡಬಹುದಾದ ಸುಧಾರಣೆಗಳಲ್ಲಿ ಇದಕ್ಕಿಂತ ಮಿಗಿಲಾದದ್ದು ನನಗೆ ಕಾಣುವುದಿಲ್ಲ. ದುಡ್ಡು ಮಿಕ್ಕರೆ ಪವರ್ ಸ್ಟೀರಿಂಗ್. ಹೆಚ್ಚಿನ ವೇಗ ಯಾರಿಗೂ ಬೇಕಿಲ್ಲ. ಗಂಟೆಗೆ 90 ಕಿ.ಮೀ. ಸಾಕು.

ಆಮೇಲೆ ಟ್ಯಾಂಕು. ಅನುಭವವಿಲ್ಲದವರು ಎಡವುವುದು ಇಲ್ಲಿಯೇ. ಅಮೆರಿಕದ ಎರಡೂವರೆ ಟನ್ ಎಂದರೆ ಸುಮಾರು 2,270 ಕೆ.ಜಿ. 500 ಗ್ಯಾಲನ್ ನೀರೇ 1,900 ಕೆ.ಜಿ. ತೂಗುತ್ತದೆ. ಉಳಿದ ಚೂರುಪಾರಿನಲ್ಲಿ ಟ್ಯಾಂಕಿನ ತೂಕ, ಪಂಪು, ಹೋಸು, ಸಲಕರಣೆ ಎಲ್ಲ ಸೇರಬೇಕು. ಲಾರಿ ದೈತ್ಯನಂತೆ ಕಾಣುತ್ತದೆ, ಇನ್ನೂ ಇಷ್ಟು ಹಾಕಿದರೆ ಏನಾದೀತು ಎನಿಸುತ್ತದೆ. ಸಾವಿರ ಗ್ಯಾಲನ್ ತುಂಬಿಸಿಕೊಂಡು ತಿರುವಿನಲ್ಲಿ ಮಗುಚಿದರೆ ಬೆಂಕಿಯ ಹತ್ತಿರಕ್ಕೂ ಹೋಗದೆ ಜೀವ ಹೋಗುತ್ತದೆ. ಅಲ್ಲಿ ಅಗ್ನಿಶಾಮಕರ ಸಾವಿಗೆ ಕಾರಣವಾಗುವ ವಾಹನ ಅಪಘಾತಗಳಲ್ಲಿ ನೀರಿನ ಟ್ಯಾಂಕರುಗಳದೇ ದೊಡ್ಡ ಪಾಲು. ಅರೆ ತುಂಬಿದ ಟ್ಯಾಂಕಿನಲ್ಲಿ ನೀರು ಒಂದು ಪಕ್ಕಕ್ಕೆ ನುಗ್ಗಿ ಲಾರಿಯನ್ನೇ ಎಳೆಯುತ್ತದೆ. ಅದಕ್ಕೇ ಒಳಗೆ ರಂಧ್ರವಿರುವ ಅಡ್ಡತಡಿಕೆಗಳನ್ನು ಬೆಸುಗೆ ಹಾಕುತ್ತಾರೆ.

ಪಂಪಿಗೆ ಪ್ರತ್ಯೇಕ ಚಿಕ್ಕ ಎಂಜಿನ್ ಇಡುವುದು ರೂಢಿ. ಹುಲ್ಲಿನ ಬೆಂಕಿ ಓಡುತ್ತಿರುತ್ತದೆ. ಲಾರಿ ಜೊತೆಜೊತೆಗೆ ಹೋಗುತ್ತಲೇ ನೀರು ಹೊಡೆಯಬೇಕು. ಪಂಪನ್ನು ಲಾರಿಯ ಎಂಜಿನ್ನಿಗೇ ಕಟ್ಟಿಹಾಕಿದರೆ ಗಾಡಿ ನಿಧಾನಿಸಿದಾಗಲೆಲ್ಲ ನೀರಿನ ರಭಸವೂ ಇಳಿಯುತ್ತದೆ. ಕ್ಯಾನ್ವಾಸಿನ ಮಾಡು ತೆಗೆದು ತಗಡಿನದು ಹಾಕುತ್ತಾರೆ, ಹಾರುವ ಕೆಂಡಗಳಿಗೆ ಬಟ್ಟೆ ನಿಲ್ಲುವುದುಂಟೆ? ಹಿಂದಿನ ಜೋಡಿ ಟೈರುಗಳ ಜಾಗಕ್ಕೆ ಅಗಲವಾದ ಒಂಟಿ ಟೈರು ಬರುವುದೂ ಇದೆ. ಜೋಡಿಯ ನಡುವೆ ಕಲ್ಲು ಸಿಕ್ಕಿಕೊಳ್ಳುವ ಕಾಟ ತಪ್ಪುತ್ತದೆ.

ವೈರಿಂಗಿನದು ಬೇರೆಯೇ ಫಜೀತಿ. ಲಾರಿಯದು 24 ವೋಲ್ಟ್, ಎರಡು ಬ್ಯಾಟರಿ ಸಾಲಾಗಿ ಜೋಡಿಸಿದ್ದು. ಸೈರನ್ನು, ರೇಡಿಯೊ, ದೀಪಗಳು ಮಾರುಕಟ್ಟೆಯಲ್ಲಿ ಸಿಗುವುದು 12 ವೋಲ್ಟಿನವು. ಒಂದೇ ಬ್ಯಾಟರಿಯಿಂದ ವೈರ್ ಎಳೆದುಬಿಟ್ಟರಾಯಿತು ಎಂದು ಕೆಲವರು ಹೊರಡುತ್ತಾರೆ. ಅದು ಬರಿದಾಗುತ್ತ, ಪಕ್ಕದ್ದು ಅತಿಯಾಗಿ ಚಾರ್ಜ್ ಆಗುತ್ತ ಎರಡೂ ಹಾಳಾಗುತ್ತವೆ. ಕನ್ವರ್ಟರ್ ಹಾಕುವುದು ಸರಿಯಾದ ದಾರಿ.

ಇಂಥ ಪಾಠಗಳನ್ನು ಪ್ರತಿ ಊರೂ ಮೊದಲಿಂದ ಕಲಿಯಬೇಕಾಗಿಲ್ಲ. ಮಿಷಿಗನ್ ರಾಜ್ಯದ ರಾಸ್ಕಾಮನ್‌ನಲ್ಲಿ ಕಾಡ್ಗಿಚ್ಚಿನ ಪ್ರಯೋಗ ಕೇಂದ್ರವೊಂದು 1920ರ ದಶಕದ ಕೊನೆಯಿಂದಲೂ ಇದೆ. ಅಲ್ಲಿನ ಸಲಕರಣೆ ವಿಭಾಗದ ಕಸುಬೇ ಸೇನೆಯ ಗಾಡಿಗಳನ್ನು ಬೆಂಕಿಗಾಡಿಗಳಾಗಿಸುವ ನಕ್ಷೆ ತಯಾರಿಸುವುದು. ಟ್ಯಾಂಕನ್ನು ಎಲ್ಲಿ ಕೂರಿಸಬೇಕು, ಯಾವ ಅಚ್ಚಿನ ಮೇಲೆ ಎಷ್ಟು ಭಾರ ಎಂಬುದೆಲ್ಲ ಅದರಲ್ಲಿರುತ್ತದೆ. ಇಷ್ಟು ಉಪಯೋಗದ ಸಂಸ್ಥೆಯ ಹೆಸರನ್ನು ಅಮೆರಿಕದವರೇ ಹೆಚ್ಚು ಮಂದಿ ಕೇಳಿರಲಾರರು.

2014ರಲ್ಲಿ, ಸೇನೆಯ ಲಾರಿಗಳು ದಳಗಳಿಗೆ ಬರುವ ಈ ಸರಪಳಿಯೇ ಕಡಿಯುವ ಹಾಗಾಗಿತ್ತು. ಸೇನಾ ವಾಹನಗಳಿಗೆ ಹೊಗೆ ನಿಯಮಗಳಿಂದ ವಿನಾಯಿತಿ ಉಂಟು. ಸೇನೆಯಿಂದ ಹೊರಬಿದ್ದ ಮೇಲೂ ಅದು ಉಳಿಯುತ್ತದೆಯೇ ಎಂಬ ಪ್ರಶ್ನೆ ಎದ್ದು ಹಂಚಿಕೆ ನಿಂತಿತು. ಬೇಸಿಗೆ ನಡುವೆ ಗ್ರಾಮೀಣ ದಳಗಳು, ರಾಜ್ಯಗಳು ಗದ್ದಲ ಎಬ್ಬಿಸಿದ ಮೇಲೆ ಕೆಲವೇ ವಾರಗಳಲ್ಲಿ ತಡೆ ತೆರವಾಯಿತು.

ಈಗ ಎಂ35ಗಳು ತೀರುತ್ತ ಬಂದು, 1990ರ ದಶಕದಲ್ಲಿ ಸೇನೆಗೆ ಸೇರಿದ ಎಫ್‌ಎಂಟಿವಿ ಲಾರಿಗಳ ಸರದಿ. ಆಸ್ಟ್ರಿಯಾದ ಸ್ಟೈರ್ ಲಾರಿಯಿಂದ ಹುಟ್ಟಿದ ಇವಕ್ಕೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಕೂತಲ್ಲಿಂದಲೇ ಟೈರಿನ ಗಾಳಿ ಹೆಚ್ಚುಕಡಿಮೆ ಮಾಡುವ ವ್ಯವಸ್ಥೆ ಇದೆ. ಓಡಿಸಲು ಹಾಯಾಗಿವೆ. ಕೆಟ್ಟಾಗ ಸ್ಪ್ಯಾನರಿನ ಜೊತೆಗೆ ಎಲೆಕ್ಟ್ರಾನಿಕ್ಸ್ ಬಲ್ಲವರನ್ನೂ ಹುಡುಕಬೇಕು.