ವಿಜಯಪುರಕ್ಕೆ ವರ್ಗವಾದಾಗ: ಹೊಸ ಮನೆ, ಹೊಸ ಕೆಲಸ, ಹಳೆಯ ಆರೋಗ್ಯ

ಪ್ರತಿ ವರ್ಷ ಮೇ ಮತ್ತು ಜೂನ್ ತಿಂಗಳಲ್ಲಿ ವರ್ಗಾವಣೆಯ ಆದೇಶಗಳು ಬರುತ್ತವೆ. ಬ್ಯಾಂಕು, ಶಾಲೆ, ಆಸ್ಪತ್ರೆ, ಸರಕಾರಿ ಕಚೇರಿಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಕುಟುಂಬಗಳಲ್ಲಿ ಯಾರಾದರೊಬ್ಬರು ಘಟ್ಟ ಹತ್ತಬೇಕಾಗುತ್ತದೆ. ಆದೇಶದಲ್ಲಿ ವಿಜಯಪುರವೆಂದು ಬರೆದಿದ್ದರೆ ಮನೆಯಲ್ಲಿ ಮೊದಲು ಬರುವ ಮಾತು, "ಅಷ್ಟು ದೂರವೇ? ಅಲ್ಲಿ ಬಿಸಿಲು ಹೇಗೆ ತಡೆಯುವುದು?" ಎಂಬುದು. ಈ ಎರಡು ಪ್ರಶ್ನೆಗಳೂ ನಿಜವಾದವು. ಆದರೆ ಸ್ವಲ್ಪ ತಿಳಿದು ಹೋದವರಿಗೆ ಎರಡಕ್ಕೂ ಉತ್ತರವಿದೆ.

ದೂರ ಮೊದಲಿನಷ್ಟು ಕಷ್ಟದ್ದಲ್ಲ. 2019ರ ನವೆಂಬರ್‌ನಲ್ಲಿ ಮಂಗಳೂರು ಮತ್ತು ವಿಜಯಪುರದ ನಡುವೆ ಹಾಸನ, ಹುಬ್ಬಳ್ಳಿ, ಗದಗ, ಬಾಗಲಕೋಟೆ ಮಾರ್ಗವಾಗಿ ನೇರ ರೈಲು ಆರಂಭವಾಯಿತು. ಬಿಜಾಪುರ ಎಂಬ ಹೆಸರು 2014ರ ನವೆಂಬರ್ 1ರಂದು ವಿಜಯಪುರವಾಯಿತು. ಹಳೆಯ ಪ್ರಮಾಣಪತ್ರಗಳಲ್ಲಿ ಹಳೆಯ ಹೆಸರೇ ಇದ್ದರೆ ಗಾಬರಿಪಡಬೇಕಾಗಿಲ್ಲ.

ಮನೆ ಹುಡುಕುವಾಗ

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತಲೂ ಹೆಚ್ಚು ಮಳೆ ಬೀಳುತ್ತದೆ. ವಿಜಯಪುರದಲ್ಲಿ ಬೀಳುವುದು ಸುಮಾರು 600 ಮಿ.ಮೀ. ಮಾತ್ರ. ಆದ್ದರಿಂದ ಬಾಡಿಗೆ ಎಷ್ಟು ಎಂದು ಕೇಳುವ ಮೊದಲು ನೀರಿನ ವಿಷಯ ಕೇಳಬೇಕು. ನಲ್ಲಿಯ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಸಂಗ್ರಹಿಸಲು ತೊಟ್ಟಿ ಇದೆಯೇ? ಬೋರ್‌ವೆಲ್ ನೀರು ಕುಡಿಯಲು ಆಗುತ್ತದೆಯೇ, ಬಳಕೆಗೆ ಮಾತ್ರವೇ? ನೀರಿನ ಚಿಂತೆ ಈ ಊರಿಗೆ ಹೊಸದಲ್ಲ. ಗೋಲಗುಮ್ಮಟದಲ್ಲಿ ಸಮಾಧಿಯಾಗಿರುವ ಮೊಹಮ್ಮದ್ ಆದಿಲ್ ಶಾಹನೇ 1651ರಲ್ಲಿ ಬೇಗಂ ತಲಾಬ್ ಎಂಬ ಕೆರೆ ಕಟ್ಟಿಸಿ, ಮಣ್ಣಿನ ಕೊಳವೆಗಳ ಮೂಲಕ ನಗರಕ್ಕೆ ನೀರು ತಂದಿದ್ದನು.

ಎರಡನೆಯದು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ಮೇಲಿನ ಮಹಡಿಯ ಮನೆ, ಪಶ್ಚಿಮದ ಗೋಡೆಗೆ ಹೊಂದಿದ ಮಲಗುವ ಕೋಣೆ ರಾತ್ರಿಯೂ ಕಾದಿರುತ್ತವೆ. ಮೂರನೆಯದು ಮಣ್ಣು. ಇಲ್ಲಿನ ಕಪ್ಪು ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ. ಅಡಿಪಾಯ ಸರಿಯಿಲ್ಲದ ಮನೆಗಳ ಗೋಡೆ ಬಿರುಕು ಬಿಡುವುದು ಇದರಿಂದಲೇ. ಮುಂಗಡ ಕೊಡುವ ಮೊದಲು ಗೋಡೆಗಳನ್ನೊಮ್ಮೆ ನೋಡಿ.

ಬಾಡಿಗೆ ಕರಾರುಪತ್ರ ತಪ್ಪದೆ ಮಾಡಿಸಿಕೊಳ್ಳಬೇಕು. ಆಧಾರ್ ವಿಳಾಸ, ಗ್ಯಾಸ್ ಸಂಪರ್ಕ ಬದಲಿಸಲು ಅದು ನೆರವಾಗುತ್ತದೆ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8 ಸಲ್ಲಿಸಬೇಕು.

ಕೆಲಸಕ್ಕೆ ಹೋಗಿ ಬರುವುದು

ಅನೇಕರಿಗೆ ಕೆಲಸ ನಗರದಲ್ಲಿರದೆ ತಿಕೋಟಾ ಅಥವಾ ಬಬಲೇಶ್ವರದಲ್ಲಿರುತ್ತದೆ. ಹಿಂದೆ ವಿಜಯಪುರ ತಾಲ್ಲೂಕಿನಲ್ಲಿದ್ದ ಇವು ಈಗ ಪ್ರತ್ಯೇಕ ತಾಲ್ಲೂಕು ಕೇಂದ್ರಗಳು. ಅಥಣಿ ರಸ್ತೆಯ ತಿಕೋಟಾ ಸುಮಾರು 20 ಕಿ.ಮೀ., ಜಮಖಂಡಿ ಕಡೆಯ ಬಬಲೇಶ್ವರ ಸುಮಾರು 25 ಕಿ.ಮೀ. ದೂರದಲ್ಲಿವೆ. ಮಕ್ಕಳ ಶಾಲೆಗಾಗಿ ನಗರದಲ್ಲಿ ಮನೆ ಮಾಡಿ ಬಸ್ಸಿನಲ್ಲಿ ಓಡಾಡುವವರೇ ಹೆಚ್ಚು. ಮಹಿಳೆಯರಿಗೆ 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆ ಇದಕ್ಕೆ ನೆರವಾಗಿದೆ.

ದಾರಿಯುದ್ದಕ್ಕೂ ದ್ರಾಕ್ಷಿ ತೋಟಗಳು, ಒಣದ್ರಾಕ್ಷಿ ತಯಾರಿಸುವ ಶೆಡ್‌ಗಳು ಕಾಣುತ್ತವೆ. ಈ ಕೆಲಸ ಬಿರುಸಾಗಿರುವ ಬೇಸಿಗೆಯ ಆರಂಭದಲ್ಲಿ ಬ್ಯಾಂಕಿಗೆ ಬರುವ ಗ್ರಾಹಕ, ಶಾಲೆಗೆ ಬರುವ ಪಾಲಕ ಅವಸರದಲ್ಲಿರುತ್ತಾರೆ. ಇದನ್ನು ಅರಿತ ನೌಕರನಿಗೆ ಜನರ ವಿಶ್ವಾಸ ಬೇಗ ಸಿಗುತ್ತದೆ. ನಮ್ಮ ಪುಸ್ತಕದ ಕನ್ನಡ ಅವರಿಗೆ ಬಿಗುಮಾನದಂತೆ ಕೇಳಬಹುದು, ಅವರ ಗಟ್ಟಿ ಧ್ವನಿ ನಮಗೆ ಜಗಳದಂತೆ ಕೇಳಬಹುದು. ಎರಡೂ ತಪ್ಪು ಗ್ರಹಿಕೆ. "ಬರ್ರೀ, ಕುಂದರ್ರೀ, ಊಟ ಮಾಡ್ರೀ" ಎಂಬ ಮಾತಿನ "ರೀ"ಯಲ್ಲಿ ಗೌರವವೂ ಇದೆ, ಪ್ರೀತಿಯೂ ಇದೆ.

ದೇಹಕ್ಕೆ ಹೊಸ ಶಿಸ್ತು

ಊರು ಬದಲಾದಾಗ ಮೊದಲು ತಪ್ಪುವುದು ವ್ಯಾಯಾಮ. ಊರಿನಲ್ಲಿ ದಿನಾಲೂ ನಡೆಯುತ್ತಿದ್ದವರು ಇಲ್ಲಿ "ಮನೆ ಸರಿಯಾಗಲಿ, ಆಮೇಲೆ ನೋಡೋಣ" ಎಂದು ಮುಂದೂಡುತ್ತಾರೆ. ಆರು ತಿಂಗಳು ಕಳೆಯುವುದರಲ್ಲಿ ತೂಕ, ರಕ್ತದೊತ್ತಡ, ಸಕ್ಕರೆ ಎಲ್ಲವೂ ಏರಬಹುದು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಸಾಧಾರಣ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಚುರುಕಾಗಿ ನಡೆದರೆ ಅಷ್ಟಾಯಿತು.

ಕರಾವಳಿಯಲ್ಲಿ ಬೆವರು ಅಂಗಿಯನ್ನು ತೋಯಿಸುತ್ತದೆ, ಆದ್ದರಿಂದ ಬಾಯಾರಿಕೆಯ ನೆನಪಾಗುತ್ತದೆ. ವಿಜಯಪುರದ ಒಣಗಾಳಿಯಲ್ಲಿ ಬೆವರು ಕೂಡಲೇ ಆರಿಹೋಗುತ್ತದೆ. ದೇಹ ನೀರು ಕಳೆದುಕೊಂಡದ್ದು ಗೊತ್ತಾಗುವುದೇ ಇಲ್ಲ. ಆದುದರಿಂದ ಬಾಯಾರುವ ಮೊದಲೇ ನೀರು, ಮಜ್ಜಿಗೆ ಕುಡಿಯಬೇಕು. ಬಿಸಿಲಿಗೆ ದೇಹ ಒಗ್ಗಲು ಒಂದೆರಡು ವಾರ ಬೇಕು. ಅಲ್ಲಿಯ ತನಕ ಹದಿನೈದು ಇಪ್ಪತ್ತು ನಿಮಿಷ ಸಾಕು. ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ನಡಿಗೆ ಮುಗಿಸುವುದು ಒಳ್ಳೆಯದು. ರಕ್ತದೊತ್ತಡ, ಸಕ್ಕರೆಗೆ ಔಷಧಿ ಸೇವಿಸುವವರು ಊರಿನ ವೈದ್ಯರ ಚೀಟಿಗಳನ್ನು ಜೊತೆಗೊಯ್ದು, ಮೊದಲ ತಿಂಗಳಲ್ಲೇ ಅಲ್ಲಿ ಒಬ್ಬ ವೈದ್ಯರನ್ನು ಕಂಡುಕೊಳ್ಳಬೇಕು.

ನಡೆಯಲು ಜಾಗಕ್ಕೆ ಕೊರತೆಯಿಲ್ಲ. ನೆಲ ಬಹುಮಟ್ಟಿಗೆ ಸಮತಟ್ಟು. ಸೈಕಲ್ ಕ್ರೀಡೆಗೆ ವಿಜಯಪುರ ಹೆಸರಾದ ಊರು. ವೃಕ್ಷಥಾನ್ ಹೆರಿಟೇಜ್ ರನ್ ಎಂಬ ಓಟದಲ್ಲಿ 5, 10 ಮತ್ತು 21 ಕಿ.ಮೀ. ವಿಭಾಗಗಳಿವೆ. ಐದು ಕಿ.ಮೀ. ಗುರಿಯಿಟ್ಟುಕೊಂಡು ಅಭ್ಯಾಸ ಆರಂಭಿಸಿದವರಿಗೆ ಊರಿನ ಗೆಳೆತನವೂ ದೊರಕುತ್ತದೆ.

ಊಟದಲ್ಲಿ ಕುಚ್ಚಲಕ್ಕಿ ಗಂಜಿ, ಮೀನು ಸಾರು ನೆನಪಾಗುವುದು ಸಹಜ. ಆದರೆ ಜೋಳದ ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು ದೇಹಕ್ಕೆ ಒಳ್ಳೆಯ ಆಹಾರವೇ. ನಾರಿನಂಶವಿರುವ ರೊಟ್ಟಿ ಬೇಗ ಹಸಿವಾಗದಂತೆ ನೋಡಿಕೊಳ್ಳುತ್ತದೆ. ರೊಟ್ಟಿ ಬಡಿಯುವುದನ್ನು ನೆರೆಮನೆಯ ಅಕ್ಕನಿಂದ ಕಲಿಯಲು ಹೋದರೆ ರೊಟ್ಟಿಯ ಜೊತೆಗೆ ಒಂದು ಸಂಬಂಧವೂ ಮನೆಗೆ ಬರುತ್ತದೆ.

ಊರಿನಲ್ಲಿ ಉಳಿದವರಿಗೆ

ಹೆಂಡತಿ ಮಕ್ಕಳನ್ನು ಊರಿನಲ್ಲೇ ಬಿಟ್ಟು ಒಂದು ಕೋಣೆಯಲ್ಲಿ ಒಬ್ಬರೇ ಇರುವವರ ಸ್ಥಿತಿ ಕಠಿಣ. ಸಂಜೆಯ ಒಂಟಿತನ ಕೆಲವರನ್ನು ಕುಡಿತಕ್ಕೆ, ಕೆಲವರನ್ನು ಮಧ್ಯರಾತ್ರಿಯ ತನಕ ಮೊಬೈಲಿಗೆ ಎಳೆಯುತ್ತದೆ. "ಹಣ ಕಳುಹಿಸಿದೆಯಾ?" ಎಂದು ಕೇಳುವ ಮೊದಲು "ಊಟ ಆಯಿತಾ? ಇವತ್ತು ನಡೆದಿರಾ?" ಎಂದು ಕೇಳುವ ಒಂದು ಕರೆ ಬಹಳಷ್ಟನ್ನು ಉಳಿಸಬಲ್ಲುದು. ವಾರ್ಡಿನ ಗುರಿಕಾರರೂ ಇಂತಹ ಮನೆಗಳನ್ನು ನೆನಪಿನಲ್ಲಿಡಬೇಕು. ಹೋದವರು ಮಾತ್ರವಲ್ಲ, ಉಳಿದವರೂ ಹೊಸ ಬದುಕಿಗೆ ಹೊಂದಿಕೊಳ್ಳುತ್ತಿರುತ್ತಾರೆ.

ಮೊದಲ ಮೂರು ತಿಂಗಳು ಯಾವ ಊರೂ ಪರಊರೇ. ಬೆಳಗಿನ ನಡಿಗೆಯಲ್ಲಿ ಎದುರಾದವರು "ಆರಾಮ ಅದೀರೇನ್ರಿ?" ಎಂದು ಕೇಳಿದ ದಿನ, ಆ ಊರು ಸ್ವಲ್ಪ ನಮ್ಮದಾಗಿರುತ್ತದೆ.