ಬಾಲದಲ್ಲೊಂದು ಮಾಣಿಕ್ಯ

7 ಮಿಲಿಮೀಟರು! ಎರಡು ಜೋಳದ ಕಾಳು ಸಾಲಾಗಿ ಇಟ್ಟಷ್ಟು ಉದ್ದ, ಅಷ್ಟೇ. ಕಂದುಗಪ್ಪು ಮೈ, ಹಿಂತುದಿಯಲ್ಲಿ ಮಾಣಿಕ್ಯದಂಥ ಕೆಂಪು ಚುಕ್ಕೆ. ಪಶ್ಚಿಮ ಬಂಗಾಳದ ದಿಘಾ, ಒಡಿಶಾದ ಉದಯಪುರ ತೀರಗಳ ಒದ್ದೆ ಮರಳಿನಡಿ ತೆವಳುವ ಈ ಕಡಲ ಸಿಂಬಳಹುಳುವಿಗೆ ಮೊನ್ನೆಮೊನ್ನೆಯವರೆಗೂ ಹೆಸರಿರಲಿಲ್ಲ. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ವಿಜ್ಞಾನಿಗಳು ಅದರ ಒಳಮೈ ಬಿಡಿಸಿ ನೋಡಿದರು, ಡಿಎನ್‌ಎ ಓದಿದರು. ಹೊಸತೇ! ರಾಷ್ಟ್ರಪತಿ ದ್ರೌಪದಿ ಮುರ್ಮು ಅವರ ಗೌರವಾರ್ಥ ಮೆಲನೋಕ್ಲಾಮಿಸ್ ದ್ರೌಪದಿ ಎಂದು ಕರೆದರು. ಮರಳು ಮೈಗೆ ನುಗ್ಗದಂತೆ ಲೋಳೆ ಸುರಿಸುತ್ತ ಸಾಗುವ ಈ ಪುಟ್ಟ ಬೇಟೆಗಾರ ಚಿಪ್ಪನ್ನೂ ಮೈಯೊಳಗೇ ಬಚ್ಚಿಟ್ಟುಕೊಂಡಿದೆ.

ಅದರ ಬೆನ್ನು ಹಿಡಿದು ಓದುತ್ತ ಹೋದವನು ಅಂಟಾರ್ಕ್ಟಿಕಾ ಸುತ್ತಲಿನ ಕಡಲು ಮುಟ್ಟಿದೆ. 1874ರಲ್ಲಿ ಕಡಲ ಸಂಶೋಧನೆಗೆ ಹೊರಟ ಚಾಲೆಂಜರ್ ಹಡಗು ಅಲ್ಲಿನ ಕೆರ್ಗೆಲೆನ್ ದ್ವೀಪಕ್ಕೆ ಹೋಗಿತ್ತು. ಆ ಯಾನದ ಸಿಂಬಳಹುಳುಗಳನ್ನು ಪರೀಕ್ಷಿಸಿದ ಪ್ರಾಣಿವಿಜ್ಞಾನಿ ಬೆರ್ಗ್ 1884ರಲ್ಲಿ ಒಂದನ್ನು ವರ್ಣಿಸಿದ. ಇಂದು ಅದು ಡೋರಿಸ್ ಕೆರ್ಗೆಲೆನೆನ್ಸಿಸ್. ಚಿಪ್ಪೇ ಇಲ್ಲದ ಹಳದಿ-ಬಿಳಿ ಜೀವ. ಡಿಎನ್‌ಎ ಓದುವ ಮೊದಲು ಅದನ್ನು ಒಂದೇ ಜಾತಿ ಎಂದುಕೊಂಡಿದ್ದರು. ಓದಿ ನೋಡಿದರೆ ಆ ಒಂದು ಹೆಸರಿನ ಕೆಳಗೆ ಹತ್ತಾರು ವಂಶಗಳು! ಇದರ ಮರಿಗಳು ನೀರಿನಲ್ಲಿ ತೇಲಿ ದೂರ ಹೋಗುವುದಿಲ್ಲ, ಮೊಟ್ಟೆಯಿಂದ ಹೊರಬಂದು ಅಲ್ಲೇ ತೆವಳುತ್ತವೆ. ಹಿಮಯುಗದ ಮಂಜುಗಡ್ಡೆ ಅವನ್ನು ತುಂಡುತುಂಡಾಗಿ ಬೇರ್ಪಡಿಸಿದಾಗ ಒಂದೊಂದು ಗುಂಪೂ ತನ್ನದೇ ದಾರಿ ಹಿಡಿದಿರಬೇಕು. ನೋಡಲು ಅವಳಿಗಳು, ರಕ್ತದಲ್ಲಿ ಪರಕೀಯರು!

ಇದನ್ನೆಲ್ಲ ಓದುತ್ತ ಕೂತ ನಮ್ಮೂರು ಕಲಬುರಗಿಗೆ ಕಡಲಿಲ್ಲ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮ ಮನೆಮನೆಯ ನೆಲಕ್ಕೆ ಹಾಸಿರುವ ಶಹಾಬಾದ್ ಪರಸಿ ಏನು? 50 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಸುಣ್ಣ ಪದರಪದರವಾಗಿ ಕೂತು ಆದ ಕಲ್ಲು! ಕಮಲಾಪುರದ ಹಾದಿ ಹಿಡಿದರೆ ಕಾಲಡಿ ಲಾವಾ ಸಿಗುತ್ತದೆ, ಸುಮಾರು 6.6 ಕೋಟಿ ವರ್ಷದ್ದು; ಅದು ಶಿಥಿಲಗೊಂಡು ಆದ ಕೆಂಪು ಮಣ್ಣಿನಲ್ಲಿ ಕಮಲಾಪುರದ ಕೆಂಪು ಬಾಳೆ ನಿಂತಿದೆ. ಆಚೆ ಗುರುಮಠಕಲ್ ಕಡೆ ಲಾವಾ ಪದರಗಳ ನಡುವೆ ಸಿಹಿನೀರಿನ ಬಸವನಹುಳುಗಳ ಚಿಪ್ಪು ಕಲ್ಲಾಗಿ ಉಳಿದಿವೆ. ಚಿಪ್ಪು ಇದ್ದವರು ಉಳಿದರು. ಬರೀ ಮೆತ್ತನೆ ಮೈಯವರು? ಕಲ್ಲು ಅವರನ್ನು ನೆನಪಿಟ್ಟುಕೊಳ್ಳುವುದು ಬಲು ಅಪರೂಪ. ಬೆರ್ಗ್‌ನ ಪುಟಗಳು, ಬಾಟಲಿಯಲ್ಲಿಟ್ಟ ಒಂದು ಮಾದರಿ, ಇವೇ ಅವರ ಗುರುತು.

ನಿನ್ನೆ ರಾತ್ರಿ ಮಳೆ. ಬೆಳಿಗ್ಗೆ ಪಡಸಾಲೆಯ ಪರಸಿಯ ಮೇಲೆ ಗೋಡೆಯಿಂದ ಹೊಸ್ತಿಲವರೆಗೆ ಬೆಳ್ಳಿಗೆರೆ ಹೊಳೆಯುತ್ತಿತ್ತು. ಯಾವುದೋ ಸಿಂಬಳಹುಳು ಆ ಹಳೆಯ ಸಮುದ್ರತಳವನ್ನು ದಾಟಿ ಹೋಗಿದೆ! ಒರೆಸುವ ಬಟ್ಟೆ ಹಿಡಿದು ಬಂದ ಅವ್ವಗೆ, "ತಡಿಬೇ, ನೋಡ್ತೀನಿ" ಅಂದೆ.