ಎಂಜಿನ್ ಹಿಂದಕ್ಕೆ ಹೋದ ಕತೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಹಳ್ಳಿಗಳಲ್ಲಿ ಖಾಲಿ ಗಾಡಾ ಓಡಿಸುವ ಸ್ಪರ್ಧೆ ನೋಡಿದವರಿಗೆ ಡ್ರ್ಯಾಗ್ ರೇಸ್ ಅಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ತಿರುವಿಲ್ಲ, ಸುತ್ತಿಲ್ಲ, ನಿಂತಲ್ಲಿಂದ ಎದ್ದು ನೇರ ಓಡುವುದಷ್ಟೇ. ಗಾಡಾದಲ್ಲಿ ಒಂದು ನಿಮಿಷಕ್ಕೆ ಎಷ್ಟು ದೂರ ಎಂದು ಅಳೆಯುತ್ತಾರೆ. ಡ್ರ್ಯಾಗ್ ರೇಸಿನಲ್ಲಿ ದೂರ ಮೊದಲೇ ಗೊತ್ತು: ಸಾಮಾನ್ಯವಾಗಿ ಕಾಲು ಮೈಲಿ, ಅಂದರೆ 402 ಮೀಟರ್. ಎಷ್ಟು ಸೆಕೆಂಡು ಎನ್ನುವುದೇ ಲೆಕ್ಕ. ಇನ್ನೊಂದು ಸಾಮ್ಯವೂ ಇತ್ತು. ಗಾಡಾದಲ್ಲಿ ಎತ್ತು ಮುಂದೆ, ಓಡಿಸುವವ ಹಿಂದೆ. 1970ರ ತನಕ ಅಮೆರಿಕದ ಅತಿ ವೇಗದ ಡ್ರ್ಯಾಗ್ ಕಾರುಗಳಲ್ಲೂ ಎಂಜಿನ್ ಮುಂದೆ, ಚಾಲಕ ಹಿಂದೆ. ಅದನ್ನು ತಿರುವಿ ಹಾಕಿದವನು ಫ್ಲಾರಿಡಾದ ಡಾನ್ ಗಾರ್ಲಿಟ್ಸ್, 1932ರಲ್ಲಿ ಹುಟ್ಟಿದವನು, ತನ್ನ ಗಾಡಿ ತಾನೇ ಕಟ್ಟಿ ತಾನೇ ಓಡಿಸುತ್ತಿದ್ದವನು.

ಮೊದಲು ಎಂಜಿನ್ ವಿಷಯ. ರಾಕೆಟ್ಟಿಗಾಗಿಯೋ ವಿಮಾನಕ್ಕಾಗಿಯೋ ಮಾಡಿದ ಎಂಜಿನ್ ಅಲ್ಲ ಅದು. ಕ್ರೈಸ್ಲರ್ ಕಂಪನಿಯ ಹೆಮಿ, ಎಂಟು ಸಿಲಿಂಡರಿನದು. ಹೆಡ್ಡಿನ ಒಳಭಾಗ ಅರ್ಧಗೋಲದಂತೆ ಕೊರೆದಿರುತ್ತದೆ, ವಾಲ್ವುಗಳು ಎದುರುಬದುರು, ನಡುವೆ ಪ್ಲಗ್ಗು. ಇದರಿಂದ ವಾಲ್ವು ದೊಡ್ಡದಿಡಬಹುದು, ಗಾಳಿ ಸಲೀಸಾಗಿ ಒಳಬಂದು ಹೊರಹೋಗುತ್ತದೆ. 426 ಘನ ಇಂಚಿನ ಹೆಮಿ, ನಮ್ಮ ಲೆಕ್ಕದಲ್ಲಿ ಸುಮಾರು 7 ಲೀಟರ್, 1964ರಲ್ಲಿ ಡೇಟೋನಾ ರೇಸಿಗೆ ಇಳಿದು ಗೆದ್ದಿತು. 1966ರಿಂದ 1971ರವರೆಗೆ ಷೋರೂಮಿನಲ್ಲಿ ದುಡ್ಡು ಕೊಟ್ಟವರಿಗೆಲ್ಲ ರಸ್ತೆ ಕಾರಿನಲ್ಲಿ ಸಿಕ್ಕಿತು. ಕಂಪನಿ ಹೇಳಿದ ಬಲ 425 ಅಶ್ವಶಕ್ತಿ.

ಡ್ರ್ಯಾಗ್ ರೇಸಿನವರು ಅದಕ್ಕೆ ಮಾಡಿದ್ದು ಎರಡು ಕೆಲಸ. ಎಂಜಿನ್ ತಲೆಯ ಮೇಲೆ ಗಾಳಿ ತುರುಕುವ ಬ್ಲೋವರ್ ಕೂರಿಸಿದರು. ಆ ಬ್ಲೋವರ್ ಹುಟ್ಟಿದ್ದೇ ಬಸ್ಸು ಲಾರಿಗಳ ಟೂ-ಸ್ಟ್ರೋಕ್ ಡೀಸೆಲ್ ಎಂಜಿನ್ನಿಗಾಗಿ, ಜನರಲ್ ಮೋಟರ್ಸಿನ 6-71ಕ್ಕೆ. ಆರು ಸಿಲಿಂಡರ್, ಒಂದೊಂದೂ 71 ಘನ ಇಂಚು, ಅದಕ್ಕೇ ಆ ನಂಬರು. ಎರಡನೆಯದು, ಪೆಟ್ರೋಲ್ ಬಿಟ್ಟು ನೈಟ್ರೋಮಿಥೇನ್ ಹಾಕಿದರು. ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು, ನೈಟ್ರೋಮಿಥೇನಿಗೆ 1.7 ಕೆ.ಜಿ. ಸಾಕು, ಏಕೆಂದರೆ ಆಮ್ಲಜನಕ ಅದರ ಅಣುವಿನಲ್ಲೇ ಇದೆ. ಅಷ್ಟೇ ಗಾಳಿಗೆ ಹಲವು ಪಟ್ಟು ಇಂಧನ ಸುಡಬಹುದು. ಪಿಸ್ಟನ್, ಕನೆಕ್ಟಿಂಗ್ ರಾಡ್ ಬದಲಾಗುತ್ತಿದ್ದವು, ಮೂಲ ವಿನ್ಯಾಸ ಮಾತ್ರ ಕಾರ್ಖಾನೆಯದೇ. ಆರ್‌ಎಕ್ಸ್ ಹಂಡ್ರೆಡ್ಡಿನ ಪೋರ್ಟ್ ಕೊರೆದು ಬಲ ಹೆಚ್ಚಿಸುವ ನಮ್ಮ ಗ್ಯಾರೇಜಿನ ಹುಡುಗರಿಗೆ ಈ ಹುಚ್ಚು ಅರ್ಥವಾಗುತ್ತದೆ.

ಬಲ ಹೆಚ್ಚಾದಂತೆ ಅಪಾಯವೂ ಹೆಚ್ಚಾಯಿತು, ಮತ್ತು ಆ ಅಪಾಯವೆಲ್ಲ ಚಾಲಕನ ಮುಖಕ್ಕೇ. ಬ್ಲೋವರ್ ಸಿಡಿದರೆ ಬೆಂಕಿ ಅವನ ಮೇಲೆ, ಆಯಿಲ್ ಚಿಮ್ಮಿದರೆ ಅವನ ಕನ್ನಡಕಕ್ಕೆ. ಅವನು ಕೂರುತ್ತಿದ್ದುದು ಹಿಂದಿನ ಆಕ್ಸಲ್ಲಿಗೂ ಹಿಂದೆ, ಗೇರ್‌ಬಾಕ್ಸು ಎರಡು ಕಾಲುಗಳ ನಡುವೆ. 1970ರ ಮಾರ್ಚ್ 8ರಂದು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಬಳಿಯ ಲಯನ್ಸ್ ಡ್ರ್ಯಾಗ್ ಟ್ರ್ಯಾಕಿನಲ್ಲಿ ಗಾರ್ಲಿಟ್ಸನ ಗೇರ್‌ಬಾಕ್ಸು ಸಿಡಿಯಿತು. ಗಾಡಿ ಎರಡು ತುಂಡಾಯಿತು, ಅವನ ಬಲಪಾದದ ಒಂದು ಭಾಗ ಹೋಯಿತು. ನೋಡಲು ಬಂದಿದ್ದ ಒಬ್ಬ ಹುಡುಗನಿಗೂ ಭಾರೀ ಗಾಯವಾಯಿತು.

ಆಸ್ಪತ್ರೆಯ ಹಾಸಿಗೆಯಲ್ಲೇ ಅವನು ಹೊಸ ಗಾಡಿಯ ಚಿತ್ರ ಬರೆಯತೊಡಗಿದ. ಎಂಜಿನ್ ಬೆನ್ನ ಹಿಂದೆ, ಚಾಲಕ ಮುಂದೆ. ಇದು ಅವನೊಬ್ಬನ ತಲೆಗೇ ಹೊಳೆದದ್ದೇನಲ್ಲ. ಹಿಂದೆ ಹಲವರು ಹಾಗೆ ಕಟ್ಟಿ ನೋಡಿದ್ದರು, ಗಾಡಿ ವೇಗ ಹಿಡಿಯುತ್ತಲೇ ಅಡ್ಡಾದಿಡ್ಡಿ ಓಡಿ ಅಪಘಾತಗಳಾಗಿದ್ದವು. ಹಿಂದೆ ಎಂಜಿನ್ ಇದ್ದರೆ ಗಾಡಿ ನೇರ ಹೋಗುವುದಿಲ್ಲ ಎಂಬ ತೀರ್ಮಾನ ಬೇರೂರಿತ್ತು. ಕಾನಿ ಸ್ವಿಂಗಲ್, ಟಿ. ಸಿ. ಲೆಮನ್ಸ್ ಎಂಬ ಸಹಾಯಕರ ಜೊತೆ ಗಾರ್ಲಿಟ್ಸ್ ಕಟ್ಟಿದ ಗಾಡಿಯೂ ಪರೀಕ್ಷೆಯಲ್ಲಿ ಅದೇ ಚಾಳಿ ತೋರಿಸಿತು. ಎಡಕ್ಕೆ ಜರುಗಿತು, ಸರಿಪಡಿಸಿದರೆ ಬಲಕ್ಕೆ ಹಾರಿತು, ಮತ್ತೆ ಸರಿಪಡಿಸಿದರೆ ಇನ್ನೂ ಜೋರಾಗಿ ಎಡಕ್ಕೆ.

ದೋಷ ಇದ್ದದ್ದು ಎಂಜಿನ್ನಿನಲ್ಲೂ ಅಲ್ಲ, ತೂಕ ಎಲ್ಲಿದೆ ಎನ್ನುವುದರಲ್ಲೂ ಅಲ್ಲ. ಹಳೆಯ ಗಾಡಿಯಲ್ಲಿ ಹಿಂದಿನ ಗಾಲಿ ಒಂಚೂರು ಜಾರಿದರೂ ಮೊದಲು ಗೊತ್ತಾಗುತ್ತಿದ್ದುದು ಚಾಲಕನ ಸೊಂಟಕ್ಕೆ, ಏಕೆಂದರೆ ಅವನು ಕೂತದ್ದೇ ಅಲ್ಲಿ. ಕಣ್ಣೆದುರು ಉದ್ದಕ್ಕೂ ಗಾಡಿ ಚಾಚಿಕೊಂಡಿದ್ದರಿಂದ ಮೂತಿ ಎತ್ತ ತಿರುಗಿತು ಎಂಬುದೂ ಕಾಣುತ್ತಿತ್ತು. ಹೊಸ ಗಾಡಿಯಲ್ಲಿ ಈ ಎರಡೂ ಇಲ್ಲ. ಜಾರಿದ್ದು ಅವನಿಗೆ ತಡವಾಗಿ ತಿಳಿಯುತ್ತದೆ, ಗಾಬರಿಯಲ್ಲಿ ಸ್ಟೇರಿಂಗ್ ಹೆಚ್ಚು ಎಳೆಯುತ್ತಾನೆ. ಆ ಸ್ಟೇರಿಂಗೋ, ಹಳೆಯ ಗಾಡಿಯ ಲೆಕ್ಕದ್ದು: ಸ್ಟೇರಿಂಗ್ ಚಕ್ರ ಸುಮಾರು 6 ಡಿಗ್ರಿ ತಿರುಗಿದರೆ ಗಾಲಿ 1 ಡಿಗ್ರಿ. ಅದನ್ನು ಸುಮಾರು 10ಕ್ಕೆ 1 ಮಾಡಿದರು, ಅಂದರೆ ಮಂದಗೊಳಿಸಿದರು. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹೇರಿಕೊಂಡು ಬರುವ ಹಳೇ ಲಾರಿಯ ಡ್ರೈವರ್ ಸ್ಟೇರಿಂಗನ್ನು ಎಷ್ಟು ತಿರುವಿದರೆ ಗಾಲಿ ಎಷ್ಟು ಹೊರಳುತ್ತದೆ ನೋಡಿ, ಗುಟ್ಟು ಅದೇ. ಕೈ ಹೆಚ್ಚು ಎಳೆದರೂ ಗಾಲಿ ಕಡಿಮೆ ಹೊರಳಿತು, ಗಾಡಿ ನೂಲು ಹಿಡಿದಂತೆ ನೇರ ಓಡಿತು.

ಇಷ್ಟೇ. ವರ್ಷಗಟ್ಟಲೆ ಆಗದು ಎಂದು ಕೈಬಿಟ್ಟದ್ದಕ್ಕೆ ಮದ್ದು ಅಂಗೈಯಗಲದ ಸ್ಟೇರಿಂಗ್ ಪೆಟ್ಟಿಗೆಯಲ್ಲಿತ್ತು. ಅಪಘಾತವಾದಾಗಲೆಲ್ಲ ಜನ ಎದ್ದು ಕಾಣುವ ದೊಡ್ಡ ಬದಲಾವಣೆಯನ್ನೇ ದೂರಿದರು. ಹಳೆಯದರಿಂದ ಹಾಗೇ ಎತ್ತಿಟ್ಟ ಸಣ್ಣ ಭಾಗವನ್ನು ಯಾರೂ ಅನುಮಾನಿಸಲಿಲ್ಲ. ನನಗೆ ಈ ಕತೆಯಲ್ಲಿ ಮುಖ್ಯ ಅನ್ನಿಸುವುದು ಇದೇ, ಸೆಕೆಂಡುಗಳ ದಾಖಲೆಗಿಂತಲೂ.

ದಾಖಲೆಗಳೂ ಬಂದವು. ಸ್ವಾಂಪ್ ರ್‍ಯಾಟ್ 14 ಎಂಬ ಈ ಗಾಡಿ 1971ರ ಆರಂಭದಲ್ಲಿ ಪೊಮೋನಾದ ವಿಂಟರ್‌ನ್ಯಾಷನಲ್ಸ್ ಗೆದ್ದಿತು. ಎರಡು ಮೂರು ವರ್ಷಗಳಲ್ಲಿ ಈ ದರ್ಜೆಯಲ್ಲಿ ಮುಂದೆ ಎಂಜಿನ್ ಇದ್ದ ಗಾಡಿಗಳು ದೊಡ್ಡ ಪಂದ್ಯಗಳಿಂದ ಮರೆಯಾದವು. 1975ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಒಂಟಾರಿಯೋದಲ್ಲಿ ಗಾರ್ಲಿಟ್ಸ್ ಕಾಲು ಮೈಲಿಯನ್ನು 5.63 ಸೆಕೆಂಡಿನಲ್ಲಿ ಮುಗಿಸಿದ, ಕೊನೆಯಲ್ಲಿ ವೇಗ ಗಂಟೆಗೆ 403 ಕಿ.ಮೀ. ಕರ್ನಾಟಕದಲ್ಲೂ ಕಂಪನಿ ಎಂಜಿನ್ನನ್ನೇ ನೆಚ್ಚಿ ನೇರ ಓಡುವವರಿದ್ದಾರೆ. ಬೆಂಗಳೂರಿನ ಹೇಮಂತ್ ಮುದ್ದಪ್ಪ ರಾಷ್ಟ್ರೀಯ ಡ್ರ್ಯಾಗ್ ರೇಸಿಂಗ್ ಚಾಂಪಿಯನ್‌ಷಿಪ್ ಹಲವು ಸಲ ಗೆದ್ದದ್ದು ಸುಜುಕಿ ಹಯಾಬೂಸಾ ಮೇಲೆ, ಅದೂ ಷೋರೂಮಿನಲ್ಲಿ ಸಿಗುವ ಬೈಕೇ. ಅವರು ಓಡಿಸುವುದು ಬೇಲಿ ಹಾಕಿದ ಟ್ರ್ಯಾಕಿನಲ್ಲಿ, ನಮ್ಮೂರ ಹೆದ್ದಾರಿಯಲ್ಲಲ್ಲ.

ಗಾರ್ಲಿಟ್ಸನ ಗಾಡಿಗಳು ಈಗ ಫ್ಲಾರಿಡಾದ ಒಕಾಲಾದಲ್ಲಿ ಅವನೇ 1984ರಲ್ಲಿ ತೆರೆದ ಸಂಗ್ರಹಾಲಯದಲ್ಲಿವೆ, ಒಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ನಿಗೆ ಹೋಗಿದೆ. ಟಾಪ್ ಫ್ಯೂಯೆಲ್ ಎಂಬ ಇವತ್ತಿನ ಅತಿ ವೇಗದ ಡ್ರ್ಯಾಗ್ ಗಾಡಿಗಳ ಎಂಜಿನ್ ಪೂರ್ತಿ ಅಲ್ಯೂಮಿನಿಯಂ, ಗಾತ್ರ 500 ಘನ ಇಂಚು. ಆದರೂ ನಕ್ಷೆ ಆ ಹಳೆಯ ಹೆಮಿಯದೇ, ಚಾಲಕ ಕೂರುವುದು ಅದರ ಮುಂದೆಯೇ.